ವೆಲ್ಡಾಳ ಪ್ರಶ್ನೆಚಿಹ್ನೆ

ಐಡಹೋದ ನಮ್ಮ ಅರಣ್ಯ ಕಚೇರಿಯ ಹಿಂದಿನ ಕೋಣೆಗೆ ಕಿಟಕಿಯೇ ಇರಲಿಲ್ಲ. ವೆಲ್ಡಾ ಹಾಸ್ಕಿನ್ಸ್ ಹತ್ತೊಂಬತ್ತು ವರ್ಷ ಅಲ್ಲೇ ಕೂತು ನಕ್ಷೆ ಬರೆದಳು. ವಿಮಾನದಿಂದ ತೆಗೆದ ಜೋಡಿ ಫೋಟೋಗಳನ್ನು ಮಸೂರದಡಿ ಇಟ್ಟು, ಬೆಟ್ಟದ ಏರುತಗ್ಗು, ಕಾಲುದಾರಿ ಎಲ್ಲ ಗುರುತಿಸುವಳು. ಬೆಟ್ಟಕ್ಕೆ ಮಾತ್ರ ಅವಳನ್ನು ಕಳಿಸುತ್ತಿರಲಿಲ್ಲ, ಹೆಂಗಸಂತೆ! ನೆರಳು ಬಿದ್ದು ನೆಲ ಕಾಣದ ಕಡೆ ಪೆನ್ಸಿಲಿನಲ್ಲಿ ಪ್ರಶ್ನೆಚಿಹ್ನೆ ಹಾಕುವಳು. ದಾರಿ ತಂಡದ ಮೇಸ್ತ್ರಿ ಆರ್ಲಿ, ಅಂದರೆ ನಾನು, ಅಲ್ಲಿ ನಡೆದು ನೋಡಿ, ದಾರಿ ಇದ್ದರೆ ಅದನ್ನು ಅಳಿಸಿ, ಇಲ್ಲದಿದ್ದರೆ ದಾರಿಗೇ ಅಡ್ಡಗೆರೆ ಎಳೆದು, ಸಹಿ ಹಾಕಬೇಕು.

1968ರಲ್ಲಿ ಹೊಸ ಸಾಹೇಬರು ಬಂದು, "ಹೋಗಮ್ಮಾ, ನೀನು ಬರೆದ ಯಾವುದಾದರೂ ಒಂದು ದಾರಿ ನಡೆದು ಬಾ" ಅಂದರು.

"ಟಿನ್‌ಕಪ್ ಕಣಿವೆ. ಆ ನೆರಳೊಳಗೆ ಏನಿದೆ ಅಂತ ಕಣ್ಣಾರೆ ನೋಡ್ಬೇಕು" ಅಂದಳು.

ಆ ಕಣಿವೆಯ ವಿಷಯದಲ್ಲಿ ನಾನು ಹೇಳಬೇಕಾದ್ದೊಂದಿತ್ತು. ಆದರೂ ಬಾಯಿ ಬಿಡಲಿಲ್ಲ, ಥೂ ನನ್ನ ಜನ್ಮಕ್ಕೆ! ಜೊತೆಗೆ ಹೊರಟೆ.

ಎರಡನೇ ದಿನ, ಬಂಡೆಯಂಚಿನ ದಾರಿ ಸಪೂರವಾಗುತ್ತ ಹೋಗಿ ನಿಂತೇಬಿಟ್ಟಿತು. ಮುಂದೆ ಪ್ರಪಾತ. ಅದು ದಾರಿಯೇ ಅಲ್ಲ, ಕಾಡುಮೇಕೆಗಳ ಜಾಡು. ತಿರುಗುವಷ್ಟರಲ್ಲಿ ಹಿಂದಿನ ಇಳಿಜಾರು ದಡದಡ ಕುಸಿದು, ಬಂದ ಜಾಡೂ ಹೋಯಿತು. ಮಂಚದಷ್ಟು ಜಾಗದಲ್ಲಿ ನಾವಿಬ್ಬರು, ಒಂದು ಬೀನ್ಸ್ ಡಬ್ಬಿ, ಒಂದು ಬಾಟಲಿ ನೀರು.

ವೆಲ್ಡಾ ನಕ್ಷೆ ಬಿಡಿಸಿದಳು. "ಇಲ್ಲೇ ಪ್ರಶ್ನೆಚಿಹ್ನೆ ಹಾಕಿದ್ದೆ. ನೀನು ನಡೆದು ನೋಡಿ ತಾನೇ ಅಳಿಸಿದ್ದು?"

"ಇಲ್ಲ. ಮಳೆ ಬರ್ತಿತ್ತು, ಡೇರೆಯಲ್ಲೇ ಕೂತು ಅಳಿಸ್ದೆ. ನಿನ್ನ ಕೈ ತಪ್ಪೋಲ್ಲ ಅಂತ..."

"ಹೊಗಳಿ ಸಾಯಿಸ್ಬೇಡ ಮಾರಾಯ! ನಂಗೆ ಗೊತ್ತಿಲ್ಲ ಅಂತ ನಾನೇ ಹೇಳಿದ್ದೆ ಕಣೋ. ಅದನ್ನ ಮಾತ್ರ ನಂಬಲಿಲ್ವಲ್ಲ ನೀನು!"

ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ. ಅವಳು ಬಂಡೆಗೆ ಒರಗಿ ಅತ್ತಳು. "ಆ ಕೋಣೇಲೂ ಗೋಡೆ, ಇಲ್ಲೂ ಗೋಡೆ. ಇಲ್ಲೇ ಸಾಯ್ತೀನೇನೋ" ಅಂದಳು.

ನಾಲ್ಕನೇ ದಿನ ಬೆಳಿಗ್ಗೆ, ನೀರು ಮುಗಿದ ಮೇಲೆ, ಹುಡುಕಲು ಬಂದವರು ಎದುರು ಗುಡ್ಡದಲ್ಲಿ ಕಂಡರು. ಕೈಯಲ್ಲಿ ಅದೇ ನಕ್ಷೆಯ ಇನ್ನೊಂದು ಪ್ರತಿ. "ದಾರಿ ಹಿಡಿದು ಈ ಕಡೆ ಬನ್ರೋ!" ಅಂತ ಕೂಗಿದರು.

"ಇದ್ದಿದ್ರೆ ಬರ್ತಿರ್ಲಿಲ್ವೇನ್ರೋ!" ಅಂತ ಒಣ ಗಂಟಲಲ್ಲೇ ಅರಚಿದೆ.

ಮಧ್ಯಾಹ್ನ ಬೆಟ್ಟದ ನೆತ್ತಿಯಿಂದ ಹಗ್ಗ ಇಳಿಯಿತು. ಸೊಂಟಕ್ಕೆ ಕಟ್ಟಿಕೊಳ್ಳುವ ಮೊದಲು ವೆಲ್ಡಾ ನಕ್ಷೆ, ಪೆನ್ಸಿಲು ನನ್ನ ಮುಂದೆ ಹಿಡಿದಳು. "ಈಗ ನೋಡಿದ್ಯಲ್ಲ, ಈ ದಾರಿಗೆ ಅಡ್ಡಗೆರೆ ಎಳೆದು ಸಹಿ ಹಾಕು."

ಗೆರೆ ಎಳೆದು ಸಹಿ ಹಾಕಿದೆ.

ಸೋಮವಾರ ಅವಳು ಮತ್ತೆ ಅದೇ ಕಿಟಕಿಯಿಲ್ಲದ ಕೋಣೆ ಸೇರಿದಳು. ನಿವೃತ್ತಿಯಾಗುವವರೆಗೂ ನನ್ನೊಡನೆ ನಗುನಗುತ್ತಲೇ ಮಾತಾಡಿದಳು. ಪ್ರಶ್ನೆಚಿಹ್ನೆಗಳನ್ನು ಮಾತ್ರ ಅಂದಿನಿಂದ ಶಾಯಿಯಲ್ಲೇ ಹಾಕಿದಳು.