ಮಗುಚಿ ಹಾಕಿದ ಕಲ್ಲುಗಳು

ಏಪ್ರಿಲ್‌ನ ಒಂದು ಸೋಮವಾರ ಬೆಳಿಗ್ಗೆ ಆರೂವರೆಗೆ ಚಿಕ್ಕಮಗಳೂರಿನ ಬಸ್‌ಸ್ಟ್ಯಾಂಡಿನಿಂದ ಕಳಸಕ್ಕೆ ಹೊರಟೆ. ಹೆಗಲಿಗೆ ಬಟ್ಟೆಯ ಚೀಲ, ಕೈಯಲ್ಲೊಂದು ಗೋಣಿಚೀಲ. ಗೋಣಿಚೀಲದಲ್ಲಿ ಹಾರೆ, ಎರಡು ಉಳಿ, ಸುತ್ತಿಗೆ, ದಾರದ ಉಂಡೆ ಇದ್ದವು. ಕಂಡಕ್ಟರ್ ಅದನ್ನು ಕಾಲಿನಿಂದ ಸರಿಸಲು ನೋಡಿ ಸೋತ.

"ಎಂತ ಮಾರಾಯ್ರೇ, ಕಲ್ಲು ತುಂಬಿದೀರಾ?"

"ಕಲ್ಲಲ್ಲ, ಕಲ್ಲು ಕೀಳೋ ಸಾಮಾನು."

"ಹಾಕಿದ ಪುಣ್ಯಾತ್ಮ ಯಾರೋ, ಕೀಳೋರು ಯಾರೋ," ಎಂದು ನಗುತ್ತಾ ಲಗೇಜಿಗೂ ಒಂದು ಟಿಕೆಟ್ ಕೊಟ್ಟ. ಎರಡೂ ನಾನೇ ಎಂದು ಹೇಳಲಿಲ್ಲ.

ನಾನು ಓದಿದ್ದು ಏಳನೇ ಕ್ಲಾಸಿನವರೆಗೆ. ಇಪ್ಪತ್ತು ವರ್ಷದಿಂದ ಮನೆಗಳ ಅಂಗಳಕ್ಕೆ, ಗಾಡಿ ಹೋಗುವ ದಾರಿಗೆ ಕಲ್ಲು ಹಾಸುವ ಕೆಲಸ. ಬರೆದು ರೂಢಿಯಿಲ್ಲ. ಆದರೆ ಬಾಯಲ್ಲಿ ಹೇಳಬೇಕಾದದ್ದನ್ನು ಒಂದು ವರ್ಷ ನುಂಗಿಕೊಂಡಿದ್ದವನು ಒಮ್ಮೆಯಾದರೂ ಸರಿಯಾಗಿ ಹೇಳಬೇಕು ಎಂದು ಕೂತಿದ್ದೇನೆ.

ಊರು ದಾಟುವಾಗ ರಸ್ತೆ ಬದಿಯಲ್ಲಿ ಕಲ್ಲಿನ ಡಿಪೋ ಕಂಡಿತು. ಎರಡು ವರ್ಷದ ಹಿಂದೆ ನನ್ನ ಅಕ್ಕ ಗಿರಿಜಾ ಕಳಸದಿಂದ ಅಲ್ಲಿಗೇ ಬಂದಿದ್ದಳು. ಅವಳ ಮನೆ ರಸ್ತೆಯಿಂದ ಮೇಲೆ, ಮೂವತ್ತು ಅಡಿಯ ಇಳಿಜಾರಿನ ತುದಿಯಲ್ಲಿದೆ. ಭಾವನ ಪಿಕಪ್ ಮಳೆಗಾಲದಲ್ಲಿ ಆ ಕೆಸರು ಹತ್ತುತ್ತಿರಲಿಲ್ಲ. ಕಲ್ಲು ಹಾಸಿಕೊಡುತ್ತೇನೆ ಎಂದೆ. ಅಕ್ಕ ಚಪ್ಪಲಿ ಬಿಟ್ಟಳು, ಬಾಟಲಿಯ ನೀರನ್ನು ಒಂದೊಂದು ಕಲ್ಲಿನ ಮೇಲೂ ಸುರಿದು, ಅಂಗಾಲಿನಿಂದ ಉಜ್ಜಿ ನೋಡಿದಳು. ಡಿಪೋದವರು ನಕ್ಕರು. ಕೊನೆಗೆ ಒಂದು ಬೂದು ಕಲ್ಲನ್ನು ಆರಿಸಿದಳು. ಅದರ ಒಂದು ಮುಖ ಮೆಷಿನ್ನಿನಲ್ಲಿ ಕೊಯ್ದ ನುಣುಪು, ಇನ್ನೊಂದು ಉಳಿಪೆಟ್ಟಿನ ಒರಟು. "ಒರಟು ಮೇಲೆ ಬರ್ಲಿ. ಮಳೇಲಿ ಕಾಲು ಹಿಡೀಬೇಕು," ಎಂದಳು.

ನಾನು ನುಣುಪನ್ನು ಮೇಲೆ ಹಾಕಿದೆ. ಒರಟು ಮುಖದ ಮೇಲೆ ದಾರ ಹಿಡಿದು ಮಟ್ಟ ನೋಡುವುದು ನಿಧಾನ. ಆದರೆ ನಿಜವಾದ ಕಾರಣ ಅದಲ್ಲ. ಮೂಡಿಗೆರೆ ಕಡೆಯ ಎಸ್ಟೇಟಿನ ಸಾಹುಕಾರರೊಬ್ಬರು, ಬಂಗಲೆಯ ಅಂಗಳಕ್ಕೆ ಕಲ್ಲು ಹಾಸಿಸಬೇಕು, ನೀನು ಮಾಡಿದ ಕೆಲಸದ ಫೋಟೋ ಕಳಿಸು ಎಂದಿದ್ದರು. ನುಣುಪು ಕಲ್ಲಿಗೆ ನೀರು ಹಾಕಿದರೆ ಫೋಟೋದಲ್ಲಿ ಕನ್ನಡಿಯಂತೆ ಹೊಳೆಯುತ್ತದೆ. ಅಕ್ಕನಿಗೆ, "ಒರಟು ಮೇಲೆ ಬಂದ್ರೆ ನೀರು ನಿಂತು ಕಲ್ಲು ಒಡೀತದೆ," ಎಂದು ಹೇಳಿದೆ. ಕೆಲಸ ಗೊತ್ತಿರುವ ತಮ್ಮ, ಅವಳು ನಂಬಿದಳು. ಬಂಗಲೆಯ ಕೆಲಸ ನನಗೆ ಸಿಕ್ಕಿತು.

ಹೋದ ವರ್ಷ ಜುಲೈಯಲ್ಲಿ ಅಕ್ಕ ಆ ಕಲ್ಲಿನ ಮೇಲೆ ಜಾರಿ ಬಿದ್ದಳು. ಪಾದದ ಗಂಟು ಮುರಿಯಿತು. ಫೋನಿನಲ್ಲಿ ಭಾವ ಹೇಳುತ್ತಿರುವಾಗಲೇ ನನ್ನ ಬಾಯಿಂದ ಬಂದ ಮಾತು: "ಪಾಚಿ ಉಜ್ಜದೆ ಬಿಟ್ರೆ ಯಾವ ಕಲ್ಲಾದ್ರೂ ಜಾರ್ತದೆ ಭಾವ."

ಮೂಡಿಗೆರೆಯಲ್ಲಿ ಬಸ್ಸು ಹತ್ತು ನಿಮಿಷ ನಿಂತಿತು. ಬಣಕಲ್ ದಾಟಿದ ಮೇಲೆ ಮಂಜು ಸುರುವಾಯಿತು. ಕೊಟ್ಟಿಗೆಹಾರದಲ್ಲಿ ಎಲ್ಲರೂ ಇಳಿದು ನೀರುದೋಸೆ ತಿಂದರು. ನಾನು ಒಂದು ಪ್ಲೇಟ್ ಹೇಳಿ ಅರ್ಧ ಬಿಟ್ಟೆ. ಅಲ್ಲಿಂದ ಕಳಸದ ದಾರಿ ಬರೀ ತಿರುವು. ಹೂಮಳೆ ಬಿದ್ದು ವಾರವಾಗಿತ್ತು. ಗಿಡಗಳಲ್ಲಿ ಕಾಫಿಹೂವು ಕಂದಿ ಅಂಟಿಕೊಂಡಿತ್ತು. ಇಳಿದ ಕೂಡಲೇ ಹೇಳಿಬಿಡಬೇಕು ಎಂದು ಪ್ರತಿ ತಿರುವಿನಲ್ಲೂ ಅಂದುಕೊಂಡೆ. ಕಳಸಕ್ಕೆ ಮೂರು ಕಿಲೋಮೀಟರ್ ಇರುವಾಗ ಅಕ್ಕನ ಮನೆಯ ಕೆಳಗೆ ಇಳಿದೆ.

ಅಕ್ಕ ಮೇಲೆ ಬಾಗಿಲಲ್ಲಿ ಕೋಲು ಹಿಡಿದು ನಿಂತಿದ್ದಳು. ಬೀಳುವ ಮೊದಲು ದಿನಾ ಬಸ್ಸು ಹತ್ತಿ ಕಳಸಕ್ಕೆ ಹೋಗಿ ಬ್ಲೌಸ್ ಹೊಲಿಯುವ ಅಂಗಡಿ ತೆರೆಯುತ್ತಿದ್ದವಳು. ಈಗ ಮಷಿನ್ ಮನೆಯೊಳಗಿದೆ. ಬಿದ್ದ ದಿನದಿಂದ ಅವಳು ತನ್ನ ಕಾಲಿನಲ್ಲಿ ರಸ್ತೆಗೆ ಇಳಿದಿಲ್ಲ.

"ನಿಧಾನಕ್ಕೆ ಬಾ ಮಾರಾಯ, ಜಾರ್ತದೆ," ಎಂದಳು. ಬಿಸಿಲಿಗೆ ಒಣಗಿದ ಕಲ್ಲು, ಜಾರುವುದೆಲ್ಲಿಂದ! ಹೆದರಿಕೆ ಅವಳ ಕಾಲೊಳಗೆ ಹೊಕ್ಕಿತ್ತು.

ಕಡುಬು, ಕೋಳಿಸಾರು ಮಾಡಿದ್ದಳು. ಬೇಡ ಬೇಡ ಎಂದರೂ, "ಇನ್ನೊಂದು ಹಾಕ್ತೀನಿ, ಸುಮ್ನೆ ತಿನ್ನಾ," ಎಂದು ಐದು ಕಡುಬು ಹಾಕಿದಳು. ಭಾವ ನಕ್ಕು, "ನಿಮ್ಮಕ್ಕ ಹೋದ್ವರ್ಷ ಪಾಚಿ ಮೇಲೂ ಇಷ್ಟು ಪ್ರೀತಿ ತೋರಿಸಿ ಉಜ್ಜಿದ್ರೆ ಕಾಲು ಉಳೀತಿತ್ತು," ಎಂದರು.

"ಹೌದು, ನಂದೇ ತಪ್ಪು," ಎಂದಳು ಅಕ್ಕ. ನಾನು ತಲೆ ತಗ್ಗಿಸಿ ಐದನೇ ಕಡುಬು ಮುರಿದೆ. ಆಗ ಹೇಳಬೇಕಿತ್ತು.

ಜಾರದ ಹಾಗೆ ಕಲ್ಲು ಸರಿಮಾಡಿಕೊಡುತ್ತೇನೆ ಎಂದಷ್ಟೇ ಫೋನಿನಲ್ಲಿ ಹೇಳಿ ಬಂದಿದ್ದೆ. ಮಂಗಳವಾರ ಕೆಲಸ ಸುರು. ಇಳಿಜಾರಿಗೆ ಕಲ್ಲು ಹಾಸುವುದು ಯಾವಾಗಲೂ ಕೆಳಗಿನಿಂದ, ಮೇಲಿನ ಕಲ್ಲು ಕೆಳಗಿನದಕ್ಕೆ ಒರಗಬೇಕು. ನಾನು ಮೇಲಿನಿಂದ ಕೈ ಹಾಕಿದೆ. ಕೆಳಗೆ ಗೇಟಿನ ಹತ್ತಿರದ ಮೊದಲ ಕಲ್ಲು ಅಕ್ಕನೇ ಇಟ್ಟದ್ದು. ಒರಟು ಮುಖದ ಮೇಲೆ ಜಾಜಿನ ಎರಡು ಕೆಂಪು ಗೆರೆ ಎಳೆದು, ಕಾಯಿ ಒಡೆದು ಇಟ್ಟಿದ್ದಳು. ಅದನ್ನೂ ಆಮೇಲೆ ನಾನು ಮಗುಚಿದ್ದೆ. ಅದರ ಹತ್ತಿರ ಹೋಗಲು ಧೈರ್ಯವಿರಲಿಲ್ಲ.

ಭಾವ ಹಾರೆ ಹಿಡಿದು ಜೊತೆಗೆ ನಿಂತರು. ಕಲ್ಲನ್ನು ಎಬ್ಬಿಸುವುದು, ಕೆಳಗಿನ ಜಲ್ಲಿಪುಡಿ ಸಮ ಮಾಡುವುದು, ಮಗುಚಿ ಕೂರಿಸುವುದು. ಸಾಲಿಗೆ ಐದು ಕಲ್ಲು, ಇಪ್ಪತ್ತು ಸಾಲು. ಮೂರನೇ ಸಾಲಿನಲ್ಲಿ ಅವರು ಕೇಳಿದರು.

"ಅಲ್ಲ ಮಾರಾಯ, ಒರಟು ಮೇಲೆ ಬಂದ್ರೆ ಒಡೀತದೆ ಅಂದಿದ್ಯಲ್ಲ?"

"ಈಗ ಸಂದಿಗೆ ಹಾಕಕ್ಕೆ ಹೊಸ ಕೆಮಿಕಲ್ ಬಂದಿದೆ ಭಾವ."

ಅಂಥದ್ದೇನೂ ಬಂದಿರಲಿಲ್ಲ. ಸಂದಿಗೆ ಹಾಕಿದ್ದು ಬರೀ ಸಿಮೆಂಟು, ಮರಳು. ಒಂದು ಸುಳ್ಳನ್ನು ಕೀಳಲು ಬಂದವನು ಅದರ ಪಕ್ಕದಲ್ಲೇ ಇನ್ನೊಂದನ್ನು ಹಾಸಿದೆ.

ಗುರುವಾರ ಹನ್ನೊಂದು ಗಂಟೆಗೆ ಕೊನೆಯ ಸಾಲು ಉಳಿದಿತ್ತು. ತಲೆಯೆತ್ತಿ ನೋಡಿದರೆ ಅಕ್ಕ ಬಾಗಿಲು ದಾಟಿ ಕೆಳಗೆ ಬರುತ್ತಿದ್ದಳು. ಒಂದು ಕೈಯಲ್ಲಿ ಕೋಲು, ಇನ್ನೊಂದರಲ್ಲಿ ಕಾಫಿಯ ಲೋಟ. "ಏಯ್, ಬೇಡ ಕಣೇ!" ಎಂದು ಭಾವ ಕೂಗಿದರು. ಅವಳು ನಿಲ್ಲಲಿಲ್ಲ. ಬರಿಗಾಲು. ಪ್ರತಿ ಸಾಲಿನಲ್ಲೂ ಒಮ್ಮೆ ಅಂಗಾಲು ಊರಿ, ಒತ್ತಿ, ಮುಂದಿನದಕ್ಕೆ. ಕೆಳಗೆ ಬಂದು ಕಾಫಿ ಕೊಟ್ಟಳು. ಅರ್ಧ ಚೆಲ್ಲಿತ್ತು.

"ಇದು ನಾನಿಟ್ಟ ಕಲ್ಲಲ್ಲನಾ?"

ಲೋಟ ಕೆಳಗಿಟ್ಟು ಕಲ್ಲನ್ನು ಎಬ್ಬಿಸಿದೆ. ಮಣ್ಣು ಕೊಡವಿದಾಗ ಜಾಜಿನ ಗೆರೆ ಎರಡೂ ಹಾಗೇ ಇದ್ದವು. ಅದನ್ನು ತೊಡೆಯ ಮೇಲೆ ಒರಗಿಸಿಕೊಂಡೇ ಎಲ್ಲ ಹೇಳಿದೆ. ಫೋಟೋ, ಬಂಗಲೆ, ಕಲ್ಲು ಒಡೆಯುತ್ತದೆ ಎಂದ ಸುಳ್ಳು, ಕೆಮಿಕಲ್ಲು.

ಅಕ್ಕ ಬಗ್ಗಿ ಗೆರೆಗಳ ಮೇಲೆ ಬೆರಳಾಡಿಸಿದಳು. ಆಮೇಲೆ ಕೇಳಿದ್ದು ಒಂದೇ ಮಾತು.

"ಹಂಗಾದ್ರೆ ನಾನು ಬಿದ್ದಿದ್ದು ಪಾಚಿ ಉಜ್ಜದೆ ಅಲ್ಲ?"

"ಅಲ್ಲ ಅಕ್ಕ. ಕಳಸದ ಮಳೇಲಿ ಆ ನುಣುಪನ್ನ ದಿನಾ ಉಜ್ಜಿದ್ರೂ ಜಾರ್ತಿತ್ತು."

"ಅದನ್ನ ನಂಗಲ್ಲ, ಅವ್ರಿಗೆ ಹೇಳು. ಜೋರಾಗಿ ಹೇಳು."

ಭಾವ ಮೂರಡಿ ದೂರದಲ್ಲಿದ್ದರು, ಎಲ್ಲ ಕೇಳಿದ್ದರು. ಆದರೂ ಅವರ ಕಡೆ ತಿರುಗಿ ಜೋರಾಗಿ ಹೇಳಿದೆ. ಅವರು ಹಾರೆಯನ್ನು ನೆಲಕ್ಕಿಟ್ಟರು. "ಒಂದು ವರ್ಷ ಆಡಿಕೊಂಡೆ ಇವಳನ್ನ," ಎಂದು ಮೇಲೆ ನಡೆದರು. ಕಡೆಯ ಸಾಲನ್ನು ಒಬ್ಬನೇ ಕೂರಿಸಿದೆ.

ಮಧ್ಯಾಹ್ನ ಅಕ್ಕ ಎರಡು ಕಡುಬು ಬಡಿಸಿದಳು. ಇನ್ನೊಂದು ಹಾಕುತ್ತೇನೆ ಎನ್ನಲಿಲ್ಲ.

ಶುಕ್ರವಾರ ಬೆಳಿಗ್ಗೆ ಏಳರ ಬಸ್ಸು. ಒಂದು ವಾರ ಪಿಕಪ್ ಹತ್ತಿಸಬೇಡಿ, ಸಿಮೆಂಟು ಕೂರಬೇಕು ಎಂದು ಭಾವನಿಗೆ ಹೇಳಿದೆ. ಹೂಂ ಎಂದರು. ಅಕ್ಕ ಚೊಂಬು ಹಿಡಿದು ಗೇಟಿನವರೆಗೂ ಬಂದಳು, ಹೋಗಿ ಬಾ ಎಂದಳು, ಅಷ್ಟೇ. ಬಸ್ಸಿನಲ್ಲಿ ಹಿಂದಿನ ಸೀಟಿಗೆ ಹೋಗಿ ಗಾಜಿನಲ್ಲಿ ನೋಡಿದೆ. ಕೈ ಬೀಸುತ್ತಾಳೇನೋ ಎಂದುಕೊಂಡಿದ್ದೆ. ಅವಳು ಬಸ್ಸಿನ ಕಡೆ ನೋಡುತ್ತಲೇ ಇರಲಿಲ್ಲ. ಬಗ್ಗಿ, ಒಂದು ಚೊಂಬು ನೀರನ್ನು ಮೊದಲ ಕಲ್ಲಿನ ಮೇಲೆ ಸುರಿದು, ಅಂಗಾಲಿನಿಂದ ಉಜ್ಜಿ ನೋಡುತ್ತಿದ್ದಳು.