ಗದಿಗೆಮ್ಮ ಬೂದಿ ಕೆದಕಿದ್ದು

ಯಾವ ವಸ್ತುವಾದರೂ ಸರಿ, ಒಮ್ಮೆ ಬಿಚ್ಚಿ ಒಳಗೇನಿದೆ ಎಂದು ನೋಡದೆ ಗದಿಗೆಮ್ಮನಿಗೆ ಸಮಾಧಾನವಿರಲಿಲ್ಲ. ಸರ್ಕಾರಿ ಕಚೇರಿಯಲ್ಲಿ ಟೈಪಿಸ್ಟ್ ಆಗಿದ್ದಾಗ ಕೆಟ್ಟ ಯಂತ್ರವನ್ನು ರಿಪೇರಿಯವನು ಬರುವ ಮೊದಲೇ ಮೇಜಿನ ಮೇಲೆ ಹರವಿಕೊಂಡು ಕೂರುತ್ತಿದ್ದಳು. ನಿವೃತ್ತಳಾದ ಮೇಲೆ ಉಪ್ಪಲ್ ಬಡಾವಣೆಯ ಮನೆಯ ಮಿಕ್ಸರು, ಗಡಿಯಾರ, ಕುಕ್ಕರಿನ ಸೀಟಿ ಎಲ್ಲಕ್ಕೂ ಅದೇ ಗತಿಯಾಯಿತು. ಹೀಗಿರುವಾಗ ಒಂದು ಭಾನುವಾರ ಸಂಜೆ ಮಗ ನಿಶಾಂತ ಇದ್ದಿಲಿನ ಗ್ರಿಲ್ ಒಲೆಯನ್ನು ಮಾಳಿಗೆಗೆ ಹೊತ್ತು ತಂದ. ಅವಳು ಕುರ್ಚಿ ಎಳೆದುಕೊಂಡು ಹತ್ತಿರವೇ ಕೂತಳು.

ನಿಶಾಂತ ಎಚ್ಚರದ ಮನುಷ್ಯ. ಬಟ್ಟೆಯ ಹಗ್ಗದಿಂದ ದೂರದಲ್ಲಿ ಒಲೆ ಇಟ್ಟ, ಪಕ್ಕಕ್ಕೊಂದು ಬಕೆಟ್ ಮರಳು ಇಟ್ಟ. ಮರಳು ಯಾಕೆ, ನೀರು ಸಾಲದೇ ಎಂದು ಅವಳು ಕೇಳಿದಳು. ಎಣ್ಣೆ ಹೊತ್ತಿಕೊಂಡಾಗ ನೀರು ಹಾಕಿದರೆ ಉರಿ ಸಿಡಿಯುತ್ತದೆ ಎಂದ. ಸುಡಲು ಇಟ್ಟ ಪನೀರಿನ ಎಣ್ಣೆ ತೊಟ್ಟಿಕ್ಕಿ ಬೆಂಕಿ ಭಗ್ಗೆಂದಾಗ ಮುಚ್ಚಳ ಮುಚ್ಚಿದ. ಉರಿ ತಾನಾಗಿ ಇಳಿಯಿತು. ಗಾಳಿ ಸಿಗದೆ ಸತ್ತಿತೇ ಎಂದು ಕೇಳಿ, ಹೌದೆಂದ ಮೇಲೆ ಗದಿಗೆಮ್ಮ ಖುಷಿಯಿಂದ ಜೋಳದ ತೆನೆ ತಿಂದಳು.

ಮರುದಿನ ಬೆಳಿಗ್ಗೆ ಗಿಡಗಳಿಗೆ ನೀರು ಹಾಕಲು ಮೇಲೆ ಹೋದಾಗ ಒಲೆಯಲ್ಲಿ ಬೆಳ್ಳನೆಯ ಬೂದಿ ಮೆತ್ತಗೆ ಕೂತಿತ್ತು. ಕರಿಬೇವಿನ ಗಿಡಕ್ಕಾಗುತ್ತದೆಂದು ಅದನ್ನು ಪ್ಲಾಸ್ಟಿಕ್ ಟಬ್ಬಿಗೆ ಬಳಿದು, ತೆಂಗಿನ ನಾರಿನ ಚೀಲದ ಪಕ್ಕ ಇಟ್ಟಳು. ದಾಸವಾಳದ ಕುಂಡಕ್ಕೆ ನೀರಿನ ಪೈಪು ಹಿಡಿದು ನಿಂತಿದ್ದಾಗ ಸುಟ್ಟ ಪ್ಲಾಸ್ಟಿಕ್ಕಿನ ವಾಸನೆ ಮೂಗಿಗೆ ಬಡಿಯಿತು. ತಿರುಗಿ ನೋಡಿದರೆ ಟಬ್ಬಿನ ತಳ ಕರಗಿ ಕುಸಿದಿತ್ತು, ಚೀಲದಿಂದ ಹೊಗೆ ಏಳುತ್ತಿತ್ತು, ಅದರ ಮೇಲೆಯೇ ಹಗ್ಗದಲ್ಲಿ ಹಾಸಿಗೆಯ ಚಾದರಗಳು ಗಾಳಿಗೆ ಆಡುತ್ತಿದ್ದವು.

“ಪೂರ್ವಿ, ಲಗೂನ ಬಾ, ಚಾದರಾ ತಗಿ” ಎಂದು ಸೊಸೆಯನ್ನು ಕೂಗಿ, ಪೈಪನ್ನು ಚೀಲದ ಕಡೆ ತಿರುಗಿಸಿದಳು. ಪೂರ್ವಿ ಓಡಿ ಬಂದು ಚಾದರಗಳನ್ನು ಎಳೆದುಕೊಂಡಳು. ಸ್ವಲ್ಪ ಹೊತ್ತಿಗೆ ಹೊಗೆ ಅಡಗಿತು. ಗದಿಗೆಮ್ಮ ಕೋಲೊಂದನ್ನು ಹುಡುಕಿ ತಂದು, ನೀರು ತಾಗದ ಕಡೆ ಬೂದಿ ಕೆದಕಿದಳು. ಒಳಗೊಂದು ಕೆಂಡ ಕಣ್ಣುಬಿಟ್ಟಿತು.

“ರಾತ್ರಿಯೆಲ್ಲಾ ಹ್ಯಾಂಗ ಉಳೀತಿದು?” ಎಂದಳು.

“ನಿಮಗೇನೂ ಆಗಿಲ್ಲಲ್ಲರಿ ಅತ್ತಿ? ಮೊದಲ ಕುಂದರ್ರಿ” ಎಂದಳು ಪೂರ್ವಿ.

ಕೆಂಡ ಹೇಗೆ ಉಳಿಯಿತೆಂಬ ಪ್ರಶ್ನೆ ವಾರವಿಡೀ ಅವಳನ್ನು ಕಾಡಿತು. ಮುಂದಿನ ಭಾನುವಾರ ಅಡುಗೆಯಾದ ಮೇಲೆ ಒಲೆಯನ್ನು ಮುಟ್ಟದೆ ಹಾಗೇ ಬಿಡಲು ಮಗನಿಗೆ ಹೇಳಿ, ಮರುದಿನ ಬೂದಿಯ ಮೇಲೆ ಆಗಾಗ ಒಣ ಬೇವಿನೆಲೆ ಇಟ್ಟು ನೋಡಿದಳು. ಮಧ್ಯಾಹ್ನದ ಊಟ ಮುಗಿಸಿ ಬಂದು ಇಟ್ಟ ಎಲೆಯ ಅಂಚೂ ಕಪ್ಪಾಯಿತು. ಬೂದಿಯೇ ಕೆಂಡಕ್ಕೆ ಹೊದಿಕೆಯಾಗಿ ಬಿಸಿಯನ್ನು ಹಿಡಿದಿಡುತ್ತದೆ ಎಂದು ಅವಳಿಗೆ ಆಗ ಅರ್ಥವಾಯಿತು.

ಅಂದಿನಿಂದ ತಣ್ಣಗಾದ ಒಲೆಯ ಬೂದಿಯೂ ಕಬ್ಬಿಣದ ಡಬ್ಬಿಗೇ ಹೋಗತೊಡಗಿತು. ಅದಕ್ಕೆ ನಿಧಾನವಾಗಿ ನೀರು ಹಾಕಿ, ಚುಂಯ್ ಸದ್ದು ನಿಲ್ಲುವವರೆಗೂ ಕಲಕಿ, ಮುಚ್ಚಳ ಹಾಕುವುದು ಅವಳ ಕೆಲಸ. ಒಂದು ದಿನ ಇದನ್ನು ನೋಡುತ್ತಿದ್ದ ಪಕ್ಕದ ಮನೆಯ ಹುಸೇನಮ್ಮ, ಮನೆಯಲ್ಲಿ ಧೂಪ ಹಾಕುವ ಲೋಬಾನದ ಬೂದಿಯಲ್ಲೂ ಹೀಗೇ ಬೆಂಕಿ ಉಳಿಯುತ್ತದೆಯೇ ಎಂದು ಕೇಳಿದಳು.

“ನನಗೂ ಗೊತ್ತಿಲ್ಲ. ನಿಮ್ಮನ್ಯಾಗ ಇದ್ರ ತಗೊಂಡ ಬರ್ರಿ, ನೋಡೂಣು” ಎಂದು ಗದಿಗೆಮ್ಮ ಒಣ ಎಲೆ ಆರಿಸಲು ಬಗ್ಗಿದಳು.