ನಾಲ್ಕನೇ ಕೋರಿನ ಬಿಸಿ

ಸಾರ್ ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, ಕಣ್ಣು ಮುಚ್ಚಿ, ಕಂಪ್ಯೂಟರಿನ ಹಿಂದಿನ ಫ್ಯಾನಿಗೆ ಎಡಗೆನ್ನೆ ಕೊಟ್ಟು ಕೂರುತ್ತಿದ್ದರು. ಅರ್ಧ ನಿಮಿಷ ಗಾಳಿ ತಾಗಿಸಿಕೊಂಡು "ಎಪ್ಪತ್ತೆರಡು" ಅನ್ನುವರು. ನಾನು ಪರದೆ ನೋಡಿದರೆ ಎಪ್ಪತ್ತೊಂದೋ ಎಪ್ಪತ್ಮೂರೋ ಇರುತ್ತಿತ್ತು. ಪ್ರೊಸೆಸರಿನ ಬಿಸಿಯನ್ನು ಕೆನ್ನೆಯಲ್ಲಿ ಅಳೆಯುವವರನ್ನು ನಾನು ಕಂಡಿದ್ದು ಅವರೊಬ್ಬರನ್ನೇ. ಅದೇ ಕೆನ್ನೆಗೊಂದು ಬಾರಿಸಬೇಕು ಅಂತ ಆಮೇಲೆ ಎಷ್ಟು ಸಲ ಅನ್ನಿಸಿತೋ.

ರಾಜಾಜಿನಗರದ ಇಂಡಸ್ಟ್ರಿಯಲ್ ಎಸ್ಟೇಟಿನ ಪಕ್ಕದ ರಸ್ತೆಯಲ್ಲಿ, ಮಹಡಿಯ ಮೇಲೆ ಅವರ ಕಂಪ್ಯೂಟರ್ ರಿಪೇರಿ ಅಂಗಡಿ. ನಾನು ಅನ್ನಪೂರ್ಣೇಶ್ವರಿ ನಗರದ ಮನೆಯಲ್ಲೇ ಕೂತು ಮದುವೆ ವಿಡಿಯೋ ಎಡಿಟ್ ಮಾಡುವವಳು. ಕಂಪ್ಯೂಟರ್ ನಿಧಾನ ಅಂತ ಗೊಣಗಿಕೊಂಡು ಹೋದವಳಿಗೆ ದುಬಾರಿಯದೊಂದನ್ನು ತಲೆಗೆ ಕಟ್ಟಬಹುದಿತ್ತು. ಕಟ್ಟಲಿಲ್ಲ. ಸಾಧಾರಣದ್ದೇ ಒಂದು ಪ್ರೊಸೆಸರ್ ಕೊಡಿಸಿ, ಸ್ಟೂಲ್ ಎಳೆದು ಕೂರಿಸಿ, ಕಂಪನಿಯವರು ಗೊತ್ತುಮಾಡಿದ್ದಕ್ಕಿಂತ ಜೋರಾಗಿ ಅದನ್ನು ಓಡಿಸುವುದು ಕಲಿಸಿದರು. ಓವರ್‌ಕ್ಲಾಕಿಂಗ್ ಅಂದರೆ ಇಷ್ಟೇ. ವೇಗ ಏರಿಸಿದರೆ ಪ್ರೊಸೆಸರಿನ ಚಿಪ್ಪು ಹೆಚ್ಚು ವೋಲ್ಟೇಜ್ ಕೇಳುತ್ತದೆ, ವೋಲ್ಟೇಜ್ ಕೊಟ್ಟರೆ ಕಾಯುತ್ತದೆ, ಮಿತಿಮೀರಿ ಕಾದರೆ ಕೈಕೊಡುತ್ತದೆ.

"ಉಪ್ಪು ಹಾಕಿದ ಹಾಗೆ ಕಣಮ್ಮ," ಅನ್ನುತ್ತಿದ್ದರು. "ಚೂರು ಹಾಕು, ರುಚಿ ನೋಡು. ಒಂದು ಪಾಯಿಂಟ್ ಮೂರು ವೋಲ್ಟಿನ ಮೇಲೆ ಹೋಗ್ಲೇಬೇಡ. ಚಿಪ್ಪು ಒಂದ್ಸಲ ಸವೆದ್ರೆ ಮುಗೀತು."

ಒಂದೇ ಹೆಸರಿನ, ಒಂದೇ ಬೆಲೆಯ ಎರಡು ಚಿಪ್ಪು ಒಂದೇ ಥರ ಇರುವುದಿಲ್ಲ ಅನ್ನೋದನ್ನೂ ಕಲಿಸಿದ್ದು ಅವರೇ. ಒಂದು ರಚ್ಚೆ ಹಿಡಿಯುತ್ತದೆ, ಇನ್ನೊಂದು ತಣ್ಣಗೆ ದುಡಿಯುತ್ತದೆ. ಯಾರ ಡಬ್ಬದಲ್ಲಿ ಯಾವುದು ಅನ್ನೋದು ಅದೃಷ್ಟ. ನನ್ನ ಡಬ್ಬದಲ್ಲಿದ್ದದ್ದು ಬಂಗಾರ. ಐದು ಪಾಯಿಂಟ್ ಎರಡು ಗಿಗಾಹರ್ಟ್ಸ್ ವೇಗ, ಅದೂ ಬರೀ ಒಂದು ಪಾಯಿಂಟ್ ಎರಡು ವೋಲ್ಟಿನಲ್ಲಿ. ಸಾರ್ ಕನ್ನಡಕ ಒರೆಸಿ ಒರೆಸಿ ನೋಡಿದರು. ಅದಕ್ಕಿದ್ದದ್ದು ಒಂದೇ ಐಬು. ಚಿಪ್ಪಿನೊಳಗೆ ಕೋರು ಅಂತ ಎಂಟು ದುಡಿಯುವ ಭಾಗಗಳಿದ್ದವು. ಅದರಲ್ಲಿ ನಾಲ್ಕನೆಯದು ಮಾತ್ರ ಉಳಿದವಕ್ಕಿಂತ ಯಾವಾಗಲೂ ಒಂಬತ್ತು ಡಿಗ್ರಿ ಹೆಚ್ಚು ಬಿಸಿ. ಕೂಲರ್ ಬದಲಿಸಿದರೂ ಅಷ್ಟೇ, ಚಿಪ್ಪಿಗೂ ಕೂಲರಿಗೂ ನಡುವೆ ಹಚ್ಚುವ ಪೇಸ್ಟ್ ಬದಲಿಸಿದರೂ ಅಷ್ಟೇ. ಅದು ಹುಟ್ಟುಗುಣ, ಬಿಡಮ್ಮ ಅಂದಿದ್ದರು.

ಆ ವರ್ಷ ಊರಲ್ಲಿ ಓವರ್‌ಕ್ಲಾಕಿಂಗ್ ಸ್ಪರ್ಧೆ ನಡೆಯುವುದಿತ್ತು. ಅವರವರ ಪ್ರೊಸೆಸರ್ ಒಯ್ದು ಎಲ್ಲರೆದುರು ಓಡಿಸಿ ತೋರಿಸಬೇಕು. ನಾನು ಹೆಸರು ಕೊಟ್ಟೆ. ಶಾಲೆಯಿಂದ ಹಿಡಿದು ಇವತ್ತಿನವರೆಗೆ ಯಾವುದರಲ್ಲೂ ಮುಂದೆ ನಿಂತವಳಲ್ಲ ನಾನು. ಒಂದೇ ಒಂದು ಸಲ ಗೆಲ್ಲಬೇಕಿತ್ತು.

ಇನ್ನೇನು ಹತ್ತು ದಿನ ಇದೆ ಅನ್ನುವಾಗ ಸಾರೇ ಫೋನ್ ಮಾಡಿದರು. ಪೇಸ್ಟ್ ಒಣಗಿರುತ್ತೆ, ತಂದುಕೊಡು, ನಾನೇ ಹಚ್ಚಿಕೊಡ್ತೀನಿ ಅಂದರು. ಕಂಪ್ಯೂಟರಿನ ಕ್ಯಾಬಿನೆಟ್ಟನ್ನು ಆಟೋದಲ್ಲಿ ತೊಡೆ ಮೇಲಿಟ್ಟುಕೊಂಡು ಹೋಗಿ ಕೊಟ್ಟೆ. ಮಾರನೇ ದಿನ ವಾಪಸ್ ತಂದು ಹಾಕಿದರೆ ಓಡಲೇ ಇಲ್ಲ. ಅದೇ ವೇಗ, ಅದೇ ವೋಲ್ಟೇಜ್, ಎರಡು ನಿಮಿಷಕ್ಕೆ ನೀಲಿ ಪರದೆ ಬಂದು ನಿಂತಿತು. ಸಾರಿಗೆ ಹೇಳಿದರೆ, ಬೇಸಿಗೆ ಕಣಮ್ಮ, ರೂಮು ಕಾದಿರುತ್ತೆ ಅಂದರು. ಆಮೇಲೆ ಇನ್ನೊಂದು ಮಾತು ಸೇರಿಸಿದರು, ನೀನೇ ಆಸೆಗೆ ಬಿದ್ದು ಜಾಸ್ತಿ ವೋಲ್ಟೇಜ್ ಕೊಟ್ಟು ಸವೆಸಿರ್ತೀಯ ಅಂತ. ನಂಬಿದೆನಲ್ಲ! ಕೈಯಾರೆ ಹಾಳು ಮಾಡಿಕೊಂಡೆ ಅಂತ ಗೋಳಾಡಿ ಹೆಸರು ವಾಪಸ್ ತಗೊಂಡೆ. ಅಳುವ ಭರದಲ್ಲಿ ನಾಲ್ಕನೇ ಕೋರಿನ ಕಡೆ ನೋಡುವ ಬುದ್ಧಿ ಬರಲಿಲ್ಲ. ಮುಂದಿನ ವರ್ಷ ನೋಡೋಣ ಅಂತ ಸಾರಿಂದ ಸಮಾಧಾನ ಬೇರೆ.

ಸ್ಪರ್ಧೆ ಗೆದ್ದವರು ಸಾರ್. ಅವರೂ ಹೆಸರು ಕೊಟ್ಟಿದ್ದಾರೆ ಅನ್ನೋದೇ ನನಗೆ ಗೊತ್ತಿರಲಿಲ್ಲ. ಓವರ್‌ಕ್ಲಾಕಿಂಗ್ ಮಾಡುವವರ ನಮ್ಮ ವಾಟ್ಸಾಪ್ ಗುಂಪಿಗೆ ಫೋಟೋ ಬಂತು, ಗೆದ್ದ ಕಪ್ ಹಿಡಿದು ನಗುತ್ತಿದ್ದಾರೆ. ಖುಷಿಯಿಂದಲೇ ಅವರ ಬೆನ್ನ ಹಿಂದಿದ್ದ ಪರದೆಯನ್ನು ದೊಡ್ಡದು ಮಾಡಿ ನೋಡಿದೆ. ಏಳು ಕೋರು ಒಂದು ಸಮ, ನಾಲ್ಕನೆಯದು ಒಂಬತ್ತು ಡಿಗ್ರಿ ಹೆಚ್ಚು. ವೋಲ್ಟೇಜ್ ಒಂದು ಪಾಯಿಂಟ್ ಐದು.

ಡಬ್ಬ ಎಸೀಬೇಡ, ಅದರ ಮೇಲಿನ ನಂಬರೇ ಚಿಪ್ಪಿನ ಮೇಲೂ ಇರುತ್ತೆ ಅಂತ ಹೇಳಿದ್ದವರೂ ಅವರೇ. ಅಟ್ಟದಿಂದ ಡಬ್ಬ ಇಳಿಸಿದೆ. ಕಂಪ್ಯೂಟರ್ ಬಿಚ್ಚಿ, ಚಿಪ್ಪಿನ ಪೇಸ್ಟ್ ಒರೆಸಿ ನೋಡಿದೆ. ನಂಬರ್ ಬೇರೆ ಇತ್ತು.

ಡಬ್ಬವನ್ನೂ ಆ ಚಿಪ್ಪನ್ನೂ ಒಯ್ದು ಅವರ ಮೇಜಿನ ಮೇಲಿಟ್ಟೆ. ಒಂದು ಸುಳ್ಳಾದರೂ ಹೇಳುತ್ತಾರೆ ಅಂದುಕೊಂಡಿದ್ದೆ. ಹೇಳಲಿಲ್ಲ.

"ನೀನು ಅದ್ರಲ್ಲಿ ಮದುವೆ ವಿಡಿಯೋ ಕಟ್ ಮಾಡ್ತಿದ್ದೆ ಕಣಮ್ಮ," ಅಂದರು. "ಇಷ್ಟು ವರ್ಷದಲ್ಲಿ ಅಂಥದ್ದು ನನ್ನ ಕೈಗೆ ಒಂದೂ ಬರ್ಲಿಲ್ಲ."

"ಕೇಳಿದ್ರೆ ಕೊಡ್ತಿದ್ದೆ ಸಾರ್."

ಸಾರ್ ಡ್ರಾಯರಿನಿಂದ ನನ್ನ ಚಿಪ್ಪು ತೆಗೆದುಕೊಟ್ಟರು. ಮನೆಗೆ ತಂದು ಹಾಕಿದೆ. ಐದು ಪಾಯಿಂಟ್ ಎರಡು ಹೋಗಲಿ, ನಾಲ್ಕೂವರೆ ಗಿಗಾಹರ್ಟ್ಸಿಗೇ ಏದುಸಿರು ಬಿಟ್ಟು ನಿಂತಿತು. ತಮ್ಮ ಸ್ವಂತ ಚಿಪ್ಪಿಗೆ ಒಂದು ದಿನವೂ ಒಂದು ಪಾಯಿಂಟ್ ಮೂರು ದಾಟಿಸದ ಮನುಷ್ಯ, ನನ್ನದಕ್ಕೆ ಒಂದೂವರೆ ವೋಲ್ಟ್ ಸುರಿದಿದ್ದರು. ಕದ್ದದ್ದನ್ನು ಕ್ಷಮಿಸಿದರೂ ಕ್ಷಮಿಸಿಯೇನು, ಇದನ್ನಲ್ಲ. ಮತ್ತೆ ಆ ಮಹಡಿ ಹತ್ತಲಿಲ್ಲ.

ಹೋದ ವರ್ಷ ಸಾರ್ ತೀರಿಕೊಂಡರು. ಹೋಗಬಾರದು ಅಂದುಕೊಂಡೇ ಮೆಟ್ರೋ ಹತ್ತಿ ಕೆಂಗೇರಿಯ ಅವರ ಮನೆಗೆ ಹೋದೆ. ಹಾಲಿನಲ್ಲಿ ಹಾರ ಹಾಕಿದ ಫೋಟೋ, ಪಕ್ಕದ ಗೋಡೆಯಲ್ಲಿ ಕಟ್ಟು ಹಾಕಿಸಿದ ಆ ಸ್ಪರ್ಧೆಯ ಪರದೆಯ ಚಿತ್ರ. ಅವರ ಹೆಂಡತಿ ನನ್ನ ಹೆಸರು ಕೇಳಿದ್ದೇ ಕೈ ಹಿಡಿದುಕೊಂಡರು. ನಿನ್ನ ವಿಷಯ ತುಂಬ ಹೇಳ್ತಿದ್ರು, ನನಗಿಂತ ಚೆನ್ನಾಗಿ ಕಲಿತವಳು ಅಂತಿದ್ರು ಅಂದರು. ಆಮೇಲೆ ಗೋಡೆಯ ಚಿತ್ರ ತೋರಿಸಿ, ಇದರಲ್ಲಿ ಏನಿದೆ ಅಂತ ತನಗೆ ಯಾರೂ ಹೇಳಿಲ್ಲ, ನೀನಾದರೂ ಹೇಳು ಅಂದರು.

ಒಂದೊಂದೇ ಬೆರಳಿಟ್ಟು ಹೇಳಿದೆ. ಇದು ವೇಗ ಆಂಟಿ, ಇದು ವೋಲ್ಟೇಜ್, ಇವು ಎಂಟು ಕೋರಿನ ಬಿಸಿ.

"ಇದೊಂದೇ ಯಾಕೆ ಇಷ್ಟು ಜಾಸ್ತಿ?"

"ಅದು ಹುಟ್ಟುಗುಣ ಆಂಟಿ."

"ನಿಂಗೆ ಹೇಗೆ ಗೊತ್ತು?"

ಹಾರದೊಳಗಿಂದ ಸಾರ್ ನನ್ನನ್ನೇ ನೋಡುತ್ತಿದ್ದರು.

"ಸಾರೇ ಹೇಳ್ಕೊಟ್ಟಿದ್ದು," ಅಂದೆ. ಅದು ಸುಳ್ಳಲ್ಲ. ಅದಕ್ಕೇ ನನ್ನ ಹೊಟ್ಟೆ ಇನ್ನೂ ಉರಿಯುತ್ತದೆ.